ಸಂವಿಧಾನದ ಮೂಲ ಪುಟ ಶಿಕ್ಷಕರ ಕೈಗೆ ಬರಲಿ



ಕಳೆದ ನವೆಂಬರ್ 26ರಂದು, ಸಂವಿಧಾನ ದಿನದ ಕಾರ್ಯಕ್ರಮಕ್ಕೆಂದು ಮಠವೊಂದು ನಡೆಸುವ ಪ್ರೌಢಶಾಲೆಗೆ ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಮುನ್ನೂರು ಮಕ್ಕಳು ಒಂದೇ ದನಿಯಲ್ಲಿ ಸಂವಿಧಾನದ ಪೀಠಿಕೆಯನ್ನು ಹೇಳಿದರು. ಒಂದಕ್ಷರ ತಪ್ಪಲಿಲ್ಲ. ಕೇಳಿ ಮನಸ್ಸು ತುಂಬಿತು. ಆಮೇಲೆ ಮಾತಿಗೆ ನಿಂತಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಪೀಠಿಕೆಯ ಕೊನೆಗೆ 1949 ಅಂತ ತಾರೀಖು ಇದೆ. 'ಸಮಾಜವಾದಿ', 'ಜಾತ್ಯತೀತ' ಅನ್ನೋ ಪದ 1976ರಲ್ಲಿ ಸೇರಿಸಿದ್ದು ಅಂತಾರೆ. ಹಾಗಾದ್ರೆ ನಾವು ದಿನಾ ಹೇಳ್ತಿರೋದು ಯಾವ ವರ್ಷದ್ದು?"

ನಾನು ಸಮಾಜ ವಿಜ್ಞಾನದ ಶಿಕ್ಷಕರ ಕಡೆ ನೋಡಿದೆ. ಅವರು ನೆಲ ನೋಡಿದರು. "ಅದು ಪರೀಕ್ಷೆಗೆ ಬರೋದಿಲ್ಲಮ್ಮ, ಕೂತ್ಕೋ" ಎಂದರು. ಮಧ್ಯಾಹ್ನ ಪ್ರಸಾದಕ್ಕೆ ಕುಳಿತಾಗ ಅವರೇ ಬಂದು ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದ ಮಾತು ನನ್ನನ್ನು ಈ ಸಂಪಾದಕೀಯದವರೆಗೆ ತಂದಿದೆ: "ಸರ್, ಇಪ್ಪತ್ತೆರಡು ವರ್ಷ ಸರ್ವಿಸ್ ಆಯ್ತು. ಸಂವಿಧಾನದ ಪುಸ್ತಕವನ್ನ ನಾನು ಕೈಯಲ್ಲಿ ಹಿಡಿದಿಲ್ಲ. ಬಿ.ಎಡ್‌ನಲ್ಲೂ ಯಾರೂ ತೋರಿಸಲಿಲ್ಲ. ಪಠ್ಯಪುಸ್ತಕ, ಗೈಡು, ಹಳೇ ಪ್ರಶ್ನೆಪತ್ರಿಕೆ, ಇಷ್ಟೇ."

ಆ ಶಿಕ್ಷಕರನ್ನು ದೂರುವುದಕ್ಕೆ ಈ ಮಾತನ್ನು ಬರೆಯುತ್ತಿಲ್ಲ. ಅವರು ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಅವರು ನಮ್ಮಲ್ಲಿ ಅನೇಕರಿಗಿಂತ ಮೇಲು. ದೂರಬೇಕಾದ್ದು ಅವರನ್ನು ತಯಾರು ಮಾಡಿದ ರೀತಿಯನ್ನು. ನಮ್ಮ ರಾಜ್ಯದಲ್ಲಿ ಬಿ.ಎಡ್. ಮತ್ತು ಡಿ.ಎಡ್. ಕಾಲೇಜುಗಳನ್ನು ನಡೆಸುವವರಲ್ಲಿ ನಮ್ಮ ಮಠಗಳು, ನಮ್ಮ ವಿದ್ಯಾಸಂಸ್ಥೆಗಳು ಕಡಿಮೆಯೇನಿಲ್ಲ. ಆದ್ದರಿಂದ ಬೆರಳು ತೋರಿಸುವಾಗ ಮೂರು ಬೆರಳು ನಮ್ಮ ಕಡೆಗೇ ಇವೆ.

ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಎಂದಿದೆ, ಎಂ.ಬಿ. ಎನ್ನುತ್ತೇವೆ. ಕಾಮಗಾರಿ ನಡೆದ ಜಾಗದಲ್ಲಿ ಟೇಪು ಹಿಡಿದು ಅಳೆದು ಅಲ್ಲೇ ಬರೆದ ಪುಸ್ತಕ. ಗುತ್ತಿಗೆದಾರ ಎಷ್ಟು ಚೆಂದದ ಬಿಲ್ಲು ಟೈಪು ಮಾಡಿಸಿ ತಂದರೂ ಎಂ.ಬಿ. ತರಿಸಿ ನೋಡದೆ ಸಹಿ ಹಾಕಬಾರದು. ಬಿಲ್ಲು ಎಂಬುದು ಬೇರೆಯವರು ಮಾಡಿದ ಸಾರಾಂಶ. ನಮ್ಮ ಮಕ್ಕಳಿಗೆ ಪೌರನೀತಿ ಮತ್ತು ಸಂವಿಧಾನದ ಇತಿಹಾಸವನ್ನು ನಾವು ಬಿಲ್ಲಿನ ಮೇಲೆ ಕಲಿಸುತ್ತಿದ್ದೇವೆ. ಎಂ.ಬಿ. ಬೀರುವಿನಲ್ಲೇ ಇದೆ.

ಬೀರುವಿನಲ್ಲಿ ಏನಿದೆ ಎಂದು ಕೇಳಿದರೆ, ಬಹಳ ಇದೆ. ಸಂವಿಧಾನ ರಚನಾ ಸಭೆ 1946ರ ಡಿಸೆಂಬರ್ 9ರಿಂದ ಸೇರಿತು. 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ಒಟ್ಟು 11 ಅಧಿವೇಶನ, 165 ದಿನ. ಕರಡಿಗೆ ಬಂದ ತಿದ್ದುಪಡಿ ಸೂಚನೆಗಳೇ 7,635, ಅವುಗಳಲ್ಲಿ ಸಭೆಯಲ್ಲಿ ಮಂಡನೆಯಾದವು 2,473. ಯಾರು ಏನು ಹೇಳಿದರು, ಯಾರು ಒಪ್ಪಲಿಲ್ಲ, ಯಾವುದು ಮತಕ್ಕೆ ಬಿದ್ದು ಸೋತಿತು, ಎಲ್ಲವೂ ನಡಾವಳಿಯಲ್ಲಿ ಅಚ್ಚಾಗಿದೆ. ಸಂಸತ್ತೇ ಅದನ್ನು ಸಾರ್ವಜನಿಕರಿಗೆ ಉಚಿತವಾಗಿ ಇಟ್ಟಿದೆ. ಆ ಸಭೆಯಲ್ಲಿ ನಮ್ಮ ನಾಡಿನವರೂ ಕುಳಿತಿದ್ದರು. ಎಸ್. ನಿಜಲಿಂಗಪ್ಪ, ಟಿ. ಸಿದ್ದಲಿಂಗಯ್ಯ, ಎಚ್. ಸಿದ್ಧವೀರಪ್ಪ, ಕೆ. ಹನುಮಂತಯ್ಯ, ಟಿ. ಚನ್ನಯ್ಯ, 'ವಚನಶಾಸ್ತ್ರ ರಹಸ್ಯ' ಬರೆದ ರಂಗನಾಥ ದಿವಾಕರರು ಅಲ್ಲಿದ್ದರು. ಬಿ.ಎಡ್. ಮುಗಿಸಿದ ಎಷ್ಟು ಮಂದಿಗೆ ಇದು ಗೊತ್ತು?

2022ರ ಪಠ್ಯ ಪರಿಷ್ಕರಣೆಯನ್ನು ಈ ಪತ್ರಿಕೆಯ ಓದುಗರು ಮರೆತಿರಲಾರರು. ಒಂಬತ್ತನೆಯ ತರಗತಿಯ ಪಾಠದಲ್ಲಿ ಬಸವಣ್ಣನವರ ಚರಿತ್ರೆಯನ್ನು ತಿರುಚಲಾಗಿದೆ ಎಂದು ಪೂಜ್ಯರು ಸರ್ಕಾರಕ್ಕೆ ಪತ್ರ ಬರೆದರು, ನಾವೂ ಬೀದಿಗಿಳಿದೆವು. ಅದೇ ಪರಿಷ್ಕರಣೆಯಲ್ಲಿ ಬಾಬಾಸಾಹೇಬರ ಹೆಸರಿನ ಜೊತೆಗಿದ್ದ 'ಸಂವಿಧಾನ ಶಿಲ್ಪಿ' ಎಂಬ ಮಾತೂ ಬಿಟ್ಟುಹೋಗಿತ್ತು. ಗದ್ದಲವಾದ ಮೇಲೆ ಎರಡನ್ನೂ ಸರಿಪಡಿಸುವುದಾಗಿ ಸರ್ಕಾರ ಹೇಳಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳು ಮತ್ತೊಮ್ಮೆ ಬದಲಾದವು. ಮುಂದೆಯೂ ಬದಲಾಗುತ್ತವೆ. ಪ್ರತಿ ಸಲವೂ ನಾವು ಮನವಿ ಪತ್ರ ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತಬೇಕೇ? ತರಗತಿಯಲ್ಲಿ ನಿಂತ ಶಿಕ್ಷಕರ ಬಳಿ ಮೂಲ ಇದ್ದರೆ, ಪುಸ್ತಕದಲ್ಲಿ ಯಾವ ಪದ ಬಿಟ್ಟುಹೋದರೂ ಮಗುವಿಗೆ ವಿಷಯ ತಪ್ಪುವುದಿಲ್ಲ.

'ಶಿಲ್ಪಿ' ಎಂಬ ಆ ಒಂದು ಮಾತನ್ನೇ ತೆಗೆದುಕೊಳ್ಳಿ. ಪಠ್ಯದಲ್ಲಿ ಇದ್ದರೆ ಮಗು ಬಾಯಿಪಾಠ ಮಾಡುತ್ತದೆ, ಇಲ್ಲದಿದ್ದರೆ ಮರೆಯುತ್ತದೆ. ಮೂಲದಿಂದ ಕಲಿಸುವ ಶಿಕ್ಷಕರು ಎರಡು ಹಾಳೆ ಕೊಡುತ್ತಾರೆ. ಒಂದು, 1948ರ ನವೆಂಬರ್ 5ರಂದು ಟಿ.ಟಿ. ಕೃಷ್ಣಮಾಚಾರಿಯವರು ಆಡಿದ ಮಾತು. ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರು ಸಂಸ್ಥಾನದ ಕೆಲಸದಲ್ಲಿ ಮುಳುಗಿದ್ದರು, ಒಂದಿಬ್ಬರು ದೆಹಲಿಯಿಂದ ದೂರವೇ ಉಳಿದರು, ಕೊನೆಗೆ ಹೊರೆಯೆಲ್ಲ ಅಂಬೇಡ್ಕರ್ ಅವರ ಮೇಲೆ ಬಿತ್ತು ಎಂದು ಅವರು ಸಭೆಗೆ ವಿವರಿಸಿದರು. ಇನ್ನೊಂದು, 1949ರ ನವೆಂಬರ್ 25ರಂದು ಸ್ವತಃ ಅಂಬೇಡ್ಕರ್ ಅವರು ಮಾಡಿದ ಕೊನೆಯ ಭಾಷಣ. ಅದರಲ್ಲಿ ಅವರು ಈ ಶ್ರೇಯಸ್ಸು ತಮಗೊಬ್ಬರಿಗೇ ಸಲ್ಲದೆಂದು, ಮೊದಲ ಕಚ್ಚಾ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗರಾಯರನ್ನೂ ಕರಡುಗಾರ ಎಸ್.ಎನ್. ಮುಖರ್ಜಿಯವರನ್ನೂ ನೆನೆಯುತ್ತಾರೆ. ನರಸಿಂಗರಾಯರು ನಮ್ಮ ಮಂಗಳೂರಿನವರು. ಈಗ ಮಕ್ಕಳಿಗೆ ಹೇಳಿ: ಎರಡನ್ನೂ ಓದಿ, ಯಾರು ಯಾರ ಬಗ್ಗೆ, ಯಾವಾಗ, ಯಾಕೆ ಹೀಗೆ ಹೇಳಿದರು ಎಂದು ನೀವೇ ಬರೆಯಿರಿ. ಬಾಬಾಸಾಹೇಬರ ದೊಡ್ಡತನ ಆ ಮಕ್ಕಳಿಗೆ ಅಂದು ತಿಳಿಯುವ ಹಾಗೆ ಯಾವ ಬಿರುದಿನಿಂದಲೂ ತಿಳಿಯದು.

ಇನ್ನು ಪೀಠಿಕೆ. 2023ರಿಂದ ನಮ್ಮ ಶಾಲೆಗಳಲ್ಲಿ ಪೀಠಿಕೆಯ ಓದು ಕಡ್ಡಾಯವಾಗಿದೆ. ಒಳ್ಳೆಯ ನಿರ್ಧಾರ, ಇದನ್ನು ಈ ಪತ್ರಿಕೆ ಸ್ವಾಗತಿಸಿತ್ತು. ಆದರೆ ಅರ್ಥ ತಿಳಿಯದೆ ಮಂತ್ರ ಹೇಳುವುದನ್ನು ಎಂಟು ನೂರು ವರ್ಷಗಳ ಹಿಂದೆಯೇ ಬಿಟ್ಟ ಪರಂಪರೆ ನಮ್ಮದು. ದೇವಭಾಷೆ ಬೇಡ, ಜನರ ಮಾತಿನಲ್ಲೇ ಆಗಲಿ ಎಂದ ಶರಣರ ಮಕ್ಕಳು ಪೀಠಿಕೆಯನ್ನು ಇನ್ನೊಂದು ಸುಪ್ರಭಾತವಾಗಿಸಿದರೆ ಹೇಗೆ? ಆ ಹುಡುಗಿಯ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. 1949ರ ಪೀಠಿಕೆಯ ಪುಟವನ್ನೂ ಇವತ್ತಿನ ಪುಟವನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸವನ್ನು ಮಗುವೇ ಕಂಡುಹಿಡಿಯುತ್ತದೆ. 1976ರ 42ನೆಯ ತಿದ್ದುಪಡಿಯಲ್ಲಿ ಎರಡಲ್ಲ, ಮೂರು ಪದ ಸೇರಿದವು. 'ಏಕತೆ'ಯ ಜೊತೆ 'ಅಖಂಡತೆ'ಯೂ ಬಂತು. ಮೂಲ ಅಂಗೀಕಾರದ ತಾರೀಖು ಹಾಗೆಯೇ ಉಳಿಯಿತು. ತಿದ್ದುವ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿದರೆ 368ನೆಯ ವಿಧಿ ತೆಗೆಯಬೇಕು. ತುರ್ತುಪರಿಸ್ಥಿತಿಯಲ್ಲಿ ತಿದ್ದಿದ್ದು ಯಾಕೆ ಎಂದು ಕೇಳಿದರೆ ಇನ್ನೊಂದು ವಾರದ ಪಾಠಕ್ಕೆ ಸಾಮಗ್ರಿ ಸಿಕ್ಕಿತು. ಒಂದು ಪ್ರಶ್ನೆ ಹೀಗೆ ಬಾಗಿಲು ತೆರೆಯುತ್ತಾ ಹೋಗುತ್ತದೆ. ನಾವು "ಕೂತ್ಕೋ" ಎಂದು ಆ ಬಾಗಿಲು ಹಾಕಿದೆವು.

ಪೀಠಿಕೆಯ ಬಗ್ಗೆ ನಮ್ಮ ಮಠಗಳ ಅಂಗಳದಲ್ಲಿ ವಿಶೇಷವಾಗಿ ಓದಬೇಕಾದ ಒಂದು ದಿನದ ನಡಾವಳಿ ಇದೆ. 1949ರ ಅಕ್ಟೋಬರ್ 17. ಹರಿ ವಿಷ್ಣು ಕಾಮತರು (ಇವರೂ ಹುಟ್ಟಿದ್ದು ಮಂಗಳೂರಿನಲ್ಲಿ) ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ತಿದ್ದುಪಡಿ ತಂದರು. ಸಭೆಯಲ್ಲಿ ನಾಸ್ತಿಕರ ದಂಡೇ ಇತ್ತೆಂದು ತಿಳಿಯಬೇಡಿ, ಬಹುಪಾಲು ಆಸ್ತಿಕರೇ. ಆದರೂ ಪಂಡಿತ ಹೃದಯನಾಥ ಕುಂಜ್ರು ಅವರು ಎದ್ದು ನಿಂತು, ಒಬ್ಬ ಮನುಷ್ಯನ ಅಂತರಂಗಕ್ಕೆ ಸೇರಿದ ವಿಷಯದಲ್ಲಿ ಎಲ್ಲರ ಪರವಾಗಿ ನಾವು ಹೇರಬಾರದು ಎಂದರು. ಪಟ್ಟಂ ಥಾಣು ಪಿಳ್ಳೆಯವರು ತಾವು ನಂಬುವವರೇ ಆದರೂ ನಂಬದಿರುವವರ ಹಕ್ಕು ಮುಖ್ಯ ಎಂದರು. ಪೂರ್ಣಿಮಾ ಬ್ಯಾನರ್ಜಿಯವರು ದೇವರನ್ನು ಮತಕ್ಕೆ ಹಾಕಬೇಡಿ ಎಂದು ಕೇಳಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಮತಕ್ಕೆ ಹಾಕಿದರು. ಪರವಾಗಿ 41, ವಿರುದ್ಧವಾಗಿ 68.

ಇದನ್ನು ನಮ್ಮ ಮಠದ ಶಾಲೆಯಲ್ಲಿ, ಹಣೆಗೆ ವಿಭೂತಿ ಧರಿಸಿದ ಮಕ್ಕಳ ಮುಂದೆ ಓದಿಸಬೇಕು ಎನ್ನುವುದು ನನ್ನ ಹಟ. ಯಾವ ಕಡೆಗೂ ವಾಲದೆ, ಎರಡೂ ಕಡೆಯ ಮಾತನ್ನು ಪೂರ್ತಿ ಓದಿಸಬೇಕು. ಆಮೇಲೆ ಮಕ್ಕಳು ತಾವೇ ಮತ ಹಾಕಲಿ. 41ರ ಪರ ಬಂದರೂ ಸರಿ. ಬೇರೆಯವರ ನಂಬಿಕೆಗೆ ನಾನು ಎಷ್ಟು ಜಾಗ ಬಿಡಬೇಕು ಎಂಬ ಯೋಚನೆ ಒಂದು ಮಗುವಿನ ತಲೆಯಲ್ಲಿ ಹುಟ್ಟಿದರೆ, ಅದು ಜಾತ್ಯತೀತತೆಯ ವ್ಯಾಖ್ಯೆಯನ್ನು ನಾಲ್ಕು ಅಂಕಕ್ಕೆ ಬರೆಯುವುದಕ್ಕಿಂತ ದೊಡ್ಡದು.

ಇಲ್ಲಿಯವರೆಗೆ ಓದಿದವರಲ್ಲಿ ಹೆಚ್ಚಿನವರು ತಲೆದೂಗಿರಬಹುದು. ಮುಂದಿನ ಮಾತು ಸ್ವಲ್ಪ ಕಹಿ.

ನಮ್ಮ ವೇದಿಕೆಗಳಲ್ಲಿ ಸಂವಿಧಾನದ 25, 26, 29, 30ನೆಯ ವಿಧಿಗಳು ಆಗಾಗ ಕೇಳಿಬರುತ್ತವೆ. 2018ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿ ಬಂದಾಗಿನಿಂದ ನಮ್ಮ ಯುವಕರ ಬಾಯಲ್ಲಿ ಈ ಸಂಖ್ಯೆಗಳು ಓಡಾಡುತ್ತಿವೆ. ಸ್ವತಂತ್ರ ಧರ್ಮದ ಮಾನ್ಯತೆ ನಮ್ಮ ನ್ಯಾಯವಾದ ಬೇಡಿಕೆ, ಅದರಲ್ಲಿ ಈ ಪತ್ರಿಕೆಗೆ ಎರಡು ಮಾತಿಲ್ಲ. ಆದರೆ 26ರಿಂದ 30ಕ್ಕೆ ಹೋಗುವ ದಾರಿಯಲ್ಲಿ 28 ಬರುತ್ತದೆ. ಅದನ್ನು ನಾವು ಹಾರಿಕೊಂಡು ಹೋಗುತ್ತೇವೆ. ಆ ವಿಧಿಯ ಮೂರನೆಯ ಖಂಡ ಹೇಳುವುದು ಇಷ್ಟು: ಸರ್ಕಾರದ ಮಾನ್ಯತೆ ಪಡೆದ ಅಥವಾ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯಲ್ಲೂ, ಅಲ್ಲಿ ಕೊಡುವ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ ಅಥವಾ ಅಲ್ಲಿ ನಡೆಯುವ ಪೂಜೆಗೆ ಹಾಜರಾಗುವಂತೆ ಯಾರನ್ನೂ ಒತ್ತಾಯಿಸಬಾರದು. ಅವರ ಒಪ್ಪಿಗೆ ಇರಬೇಕು, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ. ಗಮನಿಸಿ, ಅನುದಾನ ಇಲ್ಲದಿದ್ದರೂ ಮಾನ್ಯತೆ ಒಂದಿದ್ದರೆ ಸಾಕು, ಈ ಮಾತು ಅನ್ವಯಿಸುತ್ತದೆ. ಮುಂದಿನ ಪುಟದಲ್ಲಿ 29ರ ಎರಡನೆಯ ಖಂಡವಿದೆ. ಸರ್ಕಾರದ ಹಣ ಪಡೆಯುವ ಸಂಸ್ಥೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆಯೊಂದನ್ನೇ ಕಾರಣ ಮಾಡಿ ಪ್ರವೇಶ ನಿರಾಕರಿಸುವಂತಿಲ್ಲ.

ನಮ್ಮ ಹಾಸ್ಟೆಲ್ಲುಗಳಲ್ಲಿ, ಶಾಲೆಗಳಲ್ಲಿ ಬೆಳಗಿನ ಸಾಮೂಹಿಕ ಪ್ರಾರ್ಥನೆಗೆ ಕುಳಿತ ಮುಸ್ಲಿಂ ಮಗುವಿನ, ಕ್ರೈಸ್ತ ಮಗುವಿನ ಮನೆಯವರ ಒಪ್ಪಿಗೆಯನ್ನು ಎಷ್ಟು ಸಂಸ್ಥೆಗಳು ಕೇಳಿವೆ? ಅನೇಕ ಮಠಗಳು ಜಾತಿ ಮತ ಕೇಳದೆ ಅನ್ನ, ಅಕ್ಷರ, ಆಶ್ರಯ ನೀಡುತ್ತಾ ಬಂದಿವೆ. ಆ ದಾಸೋಹ ನೋಡಿ ಬೇರೆ ಧರ್ಮದ ಪೋಷಕರೂ ಸಂತೋಷದಿಂದಲೇ ಒಪ್ಪುತ್ತಾರೆ ಎಂದು ನಾನು ಬಲ್ಲೆ. ಆದರೆ ಕೇಳುವುದು ಬೇರೆ, ಒಪ್ಪಿಯೇ ಒಪ್ಪುತ್ತಾರೆಂದು ಊಹಿಸುವುದು ಬೇರೆ. ಒಪ್ಪಿಗೆ ಪತ್ರ ಒಂದು ಹಾಳೆಯ ಕೆಲಸ. ಆ ಹಾಳೆಯನ್ನು ಹೊಸ ಶಿಕ್ಷಕರ ತರಬೇತಿಯಲ್ಲೇ ಇಟ್ಟು, ಇದು ಯಾಕೆ ಬೇಕು ಹೇಳಿ ಎಂದರೆ 28ನೆಯ ವಿಧಿ ಅವರಿಗೆ ಜನ್ಮದಲ್ಲಿ ಮರೆಯದು.

26ನೆಯ ವಿಧಿಗೂ ಹೀಗೆಯೇ ಮೂಲ ಇದೆ. ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪು. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು, 1951ರ ಮದರಾಸು ಧರ್ಮಾದಾಯ ಕಾನೂನನ್ನು ಮಠ ಪ್ರಶ್ನಿಸಿತ್ತು. ಒಂದು ಧರ್ಮಕ್ಕೆ ಅತ್ಯಗತ್ಯವಾದ್ದು ಯಾವುದು ಎಂಬುದನ್ನು ಆ ಧರ್ಮದ ಸ್ವಂತ ತತ್ತ್ವಗಳನ್ನು ನೋಡಿಯೇ ನಿರ್ಧರಿಸಬೇಕು ಎಂದು ಕೋರ್ಟ್ ಹೇಳಿತು. ಕಾನೂನಿನ ಕೆಲವು ಕಲಮುಗಳು ಬಿದ್ದವು, ಕೆಲವು ಉಳಿದವು. ನಮ್ಮ ವಾದ ಮಂಡಿಸುವವರಿಗೆ ಇದಕ್ಕಿಂತ ಉಪಯುಕ್ತ ಓದು ಇಲ್ಲ. ಆದರೆ ನಾನು ಕೇಳಿದ ಭಾಷಣಗಳಲ್ಲಿ ಈ ತೀರ್ಪಿನ ಹೆಸರು ಬಂದದ್ದು ಅಪರೂಪ.

ಇನ್ನೂ ಒಂದು ಮಾತು ಉಳಿದಿದೆ, ಅದು ಅನುಭವ ಮಂಟಪದ್ದು. ಅದು ಜಗತ್ತಿನ ಮೊದಲ ಸಂಸತ್ತು ಎಂದು ನಾವು ಹೇಳುತ್ತೇವೆ, ಪೌರನೀತಿಯ ಪಾಠದಲ್ಲೂ ಅದು ಬರಬೇಕೆಂದು ಕೇಳುತ್ತೇವೆ. ಬರಲಿ. ಆದರೆ ಆಕರ ಕೇಳುವುದನ್ನು ಮಗುವಿಗೆ ಕಲಿಸಿದ ಮೇಲೆ ಅದು ನಮ್ಮನ್ನೂ ಕೇಳುತ್ತದೆ. ಆಗ ಸಿಟ್ಟಾಗಬಾರದು. ಶರಣರ ವಚನಗಳು ಹನ್ನೆರಡನೆಯ ಶತಮಾನದವು. ಮಂಟಪದ ಸಂವಾದಗಳನ್ನು ನಾವು ಇಂದು ಓದುವ ರೂಪದಲ್ಲಿ ಜೋಡಿಸಿದ ಶೂನ್ಯಸಂಪಾದನೆಗಳು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಹದಿನೈದನೆಯ ಶತಮಾನ ಮತ್ತು ಆಮೇಲಿನವು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ 1260ರದು, ಅದರಲ್ಲಿ ಬಸವಣ್ಣನವರ ಹೆಸರಿದೆ. ಇವು ಮೂರೂ ಆಕರಗಳೇ, ಆದರೆ ಒಂದೊಂದರ ತೂಕ ಬೇರೆ. ಸಂಸತ್ತು ಎಂದರೆ ಚುನಾಯಿತ ಪ್ರತಿನಿಧಿಗಳು, ಶಾಸನ ಮಾಡುವ ಅಧಿಕಾರ. ಮಂಟಪದಲ್ಲಿ ಇದ್ದದ್ದು ಅದಲ್ಲ. ಅಲ್ಲಿದ್ದದ್ದು ಚಮ್ಮಾರ, ಅಂಬಿಗ, ಮಡಿವಾಳ, ಹೆಂಗಸು, ಮಂತ್ರಿ ಎಲ್ಲರೂ ಸಮನಾಗಿ ಕುಳಿತು ಪ್ರಶ್ನಿಸಿದ ಸಭೆ. ಅದು ಸಂಸತ್ತಿಗಿಂತ ಕಡಿಮೆಯದ್ದೇನೂ ಅಲ್ಲ, ಬೇರೆಯದ್ದು. ಹೀಗೆ ವಿವರಿಸಿದ ಶಿಕ್ಷಕರ ಮಾತನ್ನು ಹೊರಗಿನ ಯಾವ ವಿದ್ವಾಂಸನೂ ಅಲ್ಲಗಳೆಯಲಾರ. 'ಮೊದಲ ಸಂಸತ್ತು' ಎಂದಷ್ಟೇ ಕೂಗಿದರೆ ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

ಆಕರ ಕೇಳುವವರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬ ಲೆಕ್ಕವೂ ನಮ್ಮ ಪುಸ್ತಕದಲ್ಲಿದೆ. ಫ.ಗು. ಹಳಕಟ್ಟಿಯವರು ವಕೀಲಿ ಬದಿಗಿಟ್ಟು ಮನೆಮನೆಯ ತಾಡೋಲೆ ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮನೆ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಅವರು ಮೂಲಕ್ಕೆ ಹೋಗದಿದ್ದರೆ ಇಂದು ನಾವು ಪುರಾಣದ ಬಸವಣ್ಣನನ್ನಷ್ಟೇ ಬಲ್ಲವರಾಗಿರುತ್ತಿದ್ದೆವು. ಅವರಿಗೆ ವಚನ ಪಿತಾಮಹ ಎಂದೆವು. ಅದೇ ಹಾದಿಯಲ್ಲಿ ನಡೆದು, ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾದ ಡಾ. ಎಂ.ಎಂ. ಕಲಬುರ್ಗಿಯವರಿಗೆ ಏನು ಮಾಡಿದೆವು? 1989ರಲ್ಲಿ 'ಮಾರ್ಗ'ದ ಬರಹವನ್ನು ಹಿಂದಕ್ಕೆ ಪಡೆಯುವಂತೆ ಅವರನ್ನು ಒತ್ತಾಯಿಸಿದವರು ನಮ್ಮ ಸಮಾಜದವರೇ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲಿ ಗುಂಡು ಹಾರಿತು. ಅವರ ಅಂದಿನ ತೀರ್ಮಾನಗಳನ್ನೆಲ್ಲ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ನಾನೂ ಕೆಲವನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಇನ್ನೊಂದು ಆಕರ ತೋರಿಸಬೇಕಿತ್ತು, ಅಷ್ಟೇ.

ಇನ್ನು ತರಬೇತಿಯ ವಿಷಯ. ಈಗ ನಡೆಯುವುದು ಹೇಗೆಂದು ಶಿಕ್ಷಕ ಬಂಧುಗಳಿಗೆ ಗೊತ್ತೇ ಇದೆ. ಜಿಲ್ಲಾ ಕೇಂದ್ರಕ್ಕೆ ಕರೆಸುತ್ತಾರೆ, ಹಾಜರಿ ಸಹಿ, ಪರದೆಯ ಮೇಲೆ ಅರವತ್ತು ಸ್ಲೈಡು, ಊಟ, ಮತ್ತೆ ಮೂವತ್ತು ಸ್ಲೈಡು, ಪ್ರಮಾಣಪತ್ರ. ಸ್ಲೈಡಿನ ಮೇಲಿರುವುದೂ ಸಾರಾಂಶವೇ. ಸಂಪನ್ಮೂಲ ವ್ಯಕ್ತಿಯೂ ಮೂಲ ಓದಿರುವುದಿಲ್ಲ. ಈಜು ಕಲಿಸಲು ನೀರಿನ ಚಿತ್ರ ತೋರಿಸಿದ ಹಾಗೆ.

ಮೂಲದಿಂದ ಕಲಿಸುವುದನ್ನು ಕಲಿಯಲು ಶಿಕ್ಷಕರು ಮೊದಲು ತಾವೇ ಒಂದು ಪುಟದ ಮುಂದೆ ಒಂದು ಗಂಟೆ ಕೂರಬೇಕು. ಹತ್ತು ಜನ, ಒಂದು ಹಾಳೆ. ಉದಾಹರಣೆಗೆ ಅಸ್ಪೃಶ್ಯತೆಯನ್ನು ರದ್ದುಮಾಡಿದ 17ನೆಯ ವಿಧಿ. ಇಂಗ್ಲಿಷ್ ಮೂಲದಲ್ಲಿ ಆ ಪದ ಉದ್ಧರಣ ಚಿಹ್ನೆಯ ಒಳಗಿದೆ. ಯಾಕಿರಬಹುದು? ಸಂವಿಧಾನದಲ್ಲಿ ಎಲ್ಲೂ ಅದರ ವ್ಯಾಖ್ಯೆ ಇಲ್ಲ. ಅದೂ ಯಾಕೆ? 1948ರ ನವೆಂಬರ್ 29ರ ನಡಾವಳಿ ತೆಗೆದರೆ ಕೆ.ಟಿ. ಷಾ ಅವರು ಇದೇ ಪ್ರಶ್ನೆ ಎತ್ತಿದ್ದು ಕಾಣುತ್ತದೆ. ನಜೀರುದ್ದೀನ್ ಅಹ್ಮದರು ಧರ್ಮ ಅಥವಾ ಜಾತಿಯ ಕಾರಣಕ್ಕೆ ಎಂದು ಸ್ಪಷ್ಟಪಡಿಸಲು ತಂದ ತಿದ್ದುಪಡಿ ಬಿದ್ದುಹೋದದ್ದೂ ಕಾಣುತ್ತದೆ. ಮುಂದೆ 1950ರ ದಶಕದಲ್ಲಿ ನಮ್ಮದೇ ಮೈಸೂರು ಹೈಕೋರ್ಟ್ ಆ ಉದ್ಧರಣ ಚಿಹ್ನೆಯನ್ನೇ ಎತ್ತಿಹಿಡಿದು, ಇದು ನಿಘಂಟಿನ ಅರ್ಥದ ಮಾತಲ್ಲ, ಈ ದೇಶದಲ್ಲಿ ಚರಿತ್ರೆಯುದ್ದಕ್ಕೂ ಬೆಳೆದುಬಂದ ಆಚರಣೆಯ ಮಾತು ಎಂದು ವಿವರಿಸಿತು. ಎರಡು ಸಣ್ಣ ಗುರುತುಗಳ ಹಿಂದೆ ಇಷ್ಟಿದೆ. ಇದನ್ನು ಒಮ್ಮೆ ತಾವೇ ಕಂಡುಕೊಂಡ ಶಿಕ್ಷಕರು ತರಗತಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಆ ಊರಿನ ಹೋಟೆಲಿನ, ಕ್ಷೌರದಂಗಡಿಯ, ಗುಡಿಯ ಮಾತು ತರಗತಿಗೆ ತಾನಾಗಿ ಬರುತ್ತದೆ. ಬಂದಾಗ ತಾಳ್ಮೆಯಿಂದ ನಡೆಸುವುದು ಹೇಗೆಂಬುದೇ ತರಬೇತಿಯ ಕಷ್ಟದ ಭಾಗ. ಲಿಂಗಾಯತರ ಓಣಿಯಲ್ಲೂ ಆ ಮಾತು ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಊರಿಗೆ ತಕ್ಕ ಮೂಲವನ್ನೂ ಆಯ್ಕೆ ಮಾಡಬಹುದು. ಮೈಸೂರು ಕಡೆಯ ಶಾಲೆಯಲ್ಲಿ 1949ರ ನವೆಂಬರ್ 25ರ ಮಹಾರಾಜರ ಘೋಷಣೆ ಓದಿಸಲಿ. ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಒಪ್ಪಿದ ಕಾಗದ ಅದು. ಕಲಬುರಗಿ, ಬೀದರ್ ಕಡೆಯ ಮಕ್ಕಳು ಸಭೆಯ ಸದಸ್ಯರ ಪಟ್ಟಿಯಲ್ಲಿ ತಮ್ಮ ಭಾಗದವರನ್ನು ಹುಡುಕಲಿ. ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳು ಆ ಸಭೆಯಲ್ಲಿ ಇರಲೇ ಇಲ್ಲ ಎಂದು ತಿಳಿದಾಗ ಯಾಕೆ ಎಂಬ ಪ್ರಶ್ನೆ ಹುಟ್ಟುತ್ತದೆ, ಅಲ್ಲಿಂದ ರಜಾಕಾರರ ಕಾಲದ ಅಜ್ಜ ಅಜ್ಜಿಯರ ನೆನಪಿನವರೆಗೆ ದಾರಿಯಿದೆ. ಮೀಸಲಾತಿಯ ಪಾಠಕ್ಕೆ 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿಯ ವರದಿಯನ್ನೂ 1975ರ ಹಾವನೂರು ವರದಿಯನ್ನೂ ಒಟ್ಟಿಗೆ ಇಡಬೇಕು. ಮೊದಲನೆಯದರಲ್ಲಿ ನಾವು ಹಿಂದುಳಿದವರ ಪಟ್ಟಿಯಲ್ಲಿದ್ದೇವೆ, ಎರಡನೆಯದರಲ್ಲಿ ಇಲ್ಲ. ಎರಡರ ಕಾರಣವನ್ನೂ ನಮ್ಮ ಮಕ್ಕಳು ಓದಲಿ. ಒಂದನ್ನು ಮಾತ್ರ ತೋರಿಸಿದರೆ ಅದು ಪಾಠವಲ್ಲ, ವಕಾಲತ್ತು.

ಗ್ರಾಮ ಪಂಚಾಯಿತಿಯ ಕಪಾಟಿನಲ್ಲೂ ಮೂಲ ದಾಖಲೆಗಳಿವೆ. ಗ್ರಾಮಸಭೆಯ ನಡಾವಳಿ ಪುಸ್ತಕವನ್ನು ಮಕ್ಕಳ ಗ್ರಾಮಸಭೆಯ ದಿನ ತೆರೆದು ತೋರಿಸಲಿ. ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವವರಲ್ಲಿ ನಮ್ಮ ಶಿಕ್ಷಕರೂ ಇದ್ದಾರೆ. ಆ ಪಟ್ಟಿ ಅವರಿಗೆ ಹೊರೆಯಾಗಿ ಕಂಡಿದೆ, ಪಾಠವಾಗಿ ಕಂಡಿಲ್ಲ. ಭಾಷೆಯ ತೊಡಕು ನಿಜ. ಸಭೆಯ ಚರ್ಚೆ ಇಂಗ್ಲಿಷಿನಲ್ಲಿದೆ, ಅದೂ ವಕೀಲರ ಇಂಗ್ಲಿಷ್. ಇಡೀ ಸಂಪುಟ ಯಾರೂ ಓದಬೇಕಿಲ್ಲ. ಒಂದು ವಿಷಯಕ್ಕೆ ಎರಡು ಪುಟ, ಸರಳ ಕನ್ನಡದಲ್ಲಿ, ಪಕ್ಕದಲ್ಲಿ ಮೂಲ. ಅಂಬೇಡ್ಕರ್ ಅವರ ಬರಹ, ಭಾಷಣಗಳ ಕನ್ನಡ ಸಂಪುಟಗಳು ಹೇಗೂ ಇವೆ. ಸಂವಿಧಾನದ ಕನ್ನಡ ಆವೃತ್ತಿಯೂ ಇದೆ. ಪರೀಕ್ಷೆಯ ಭಯ ಹೇಳುವವರಿಗೆ 10ನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಆಂತರಿಕ ಮೌಲ್ಯಮಾಪನದ 20 ಅಂಕಗಳಿವೆ ಎಂದು ನೆನಪಿಸುತ್ತೇನೆ. ಚಾರ್ಟು ಬರೆಸಿ ಕೊಡುವ ಅಂಕಗಳನ್ನು ಎರಡು ಆಕರ ಹೋಲಿಸಿ ಬರೆದವರಿಗೆ ಕೊಡಲು ಯಾವ ಸುತ್ತೋಲೆಯೂ ಬೇಕಿಲ್ಲ.

ಸರ್ಕಾರ ಮಾಡಲಿ ಎಂದು ಕಾಯುತ್ತಾ ಕೂರುವ ಜಾಯಮಾನ ನಮ್ಮ ಮಠಗಳದ್ದಲ್ಲ. ಸರ್ಕಾರಿ ಶಾಲೆ ಇಲ್ಲದ ಕಾಲದಲ್ಲಿ ಶಾಲೆ ತೆರೆದವರು ನಾವು. ಆದ್ದರಿಂದ ಬಿ.ಎಡ್. ಕಾಲೇಜು ನಡೆಸುವ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಈ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ತಲಾ ಒಂದು ಸಂವಿಧಾನದ ಕನ್ನಡ ಪ್ರತಿ ಕೊಡಿಸಿ. ಬೇಸಿಗೆ ರಜೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕರಿಗೆ ಐದು ದಿನದ ಶಿಬಿರ ಇಡಿ, ಪ್ರತಿ ಮೂರು ತಿಂಗಳಿಗೊಮ್ಮೆ ಅದೇ ಶಿಕ್ಷಕರು ಮತ್ತೆ ಸೇರಲಿ. ಒಂದು ಸಲ ಕರೆದು ಬಿಟ್ಟರೆ ಸುಣ್ಣ ಬಳಿದ ಹಾಗೆ, ಮೊದಲ ಮಳೆಗೆ ಹೋಗುತ್ತದೆ. ಶಿಬಿರಕ್ಕೆ ನಮ್ಮ ಸಂಸ್ಥೆಯವರಷ್ಟೇ ಅಲ್ಲ, ಪಕ್ಕದ ಸರ್ಕಾರಿ ಶಾಲೆಯವರನ್ನೂ ಉರ್ದು ಶಾಲೆಯವರನ್ನೂ ಕರೆಯಿರಿ. ಊಟ, ವಸತಿ ಮಠದ್ದಾದರೆ ಖರ್ಚು ಉಳಿಯುವುದು ಕಾಗದ ಮತ್ತು ಝೆರಾಕ್ಸ್ ಮಾತ್ರ.

ನಮ್ಮ ಪಾಲಿನದನ್ನು ನಾವು ಮಾಡುತ್ತೇವೆ. ಮುಂದಿನ ಸಂಚಿಕೆಯಿಂದ ಪತ್ರಿಕೆಯ ನಡುವಿನ ಎರಡು ಪುಟ ಶಿಕ್ಷಕರಿಗೆ ಮೀಸಲು. ಒಂದು ಮೂಲ ದಾಖಲೆ, ಅದರ ಸರಳ ಕನ್ನಡ, ಕೆಳಗೆ ಮಕ್ಕಳಿಗೆ ಕೇಳಬಹುದಾದ ನಾಲ್ಕು ಪ್ರಶ್ನೆ. ಕತ್ತರಿಸಿ ಝೆರಾಕ್ಸ್ ಮಾಡಿಸಿಕೊಳ್ಳಬಹುದು, ಅನುಮತಿ ಬೇಕಿಲ್ಲ. ಮೊದಲ ಹಾಳೆಯಾಗಿ 1949ರ ಪೀಠಿಕೆ ಬರಲಿ ಎಂದು ಸಂಪಾದಕ ಮಂಡಳಿಯ ಗೆಳೆಯರು ಹೇಳಿದರು. ನಾನು 28ನೆಯ ವಿಧಿ ಇರಲಿ ಎಂದಿದ್ದೇನೆ. ತರಗತಿಯಲ್ಲಿ ಅದನ್ನು ಓದಿಸಿದ ಶಿಕ್ಷಕರು ಮಕ್ಕಳು ಏನು ಕೇಳಿದರು ಎಂದು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿ. ನಿಮಗೆ ಉತ್ತರ ಹೊಳೆಯದ ಪ್ರಶ್ನೆಯಿದ್ದರೆ ಅದನ್ನೇ ಮೊದಲು ಬರೆಯಿರಿ.